ಕಾರವಾರದ ಬಾಡಿಗೆ ಮನೆಗೆ ಪಿಟಿಎಂಟಿ ನಲ್ಲಿ: ಎಲ್ಲಿ ಸರಿ, ಎಲ್ಲಿ ಬೇಡ

ಹೊಸದಾಗಿ ಮನೆ ಬಾಡಿಗೆಗೆ ಕೊಡುವವರು ಮೊದಲು ಕಲಿಯಬೇಕಾದ ರಿಪೇರಿ ನಲ್ಲಿ ಬದಲಾಯಿಸುವುದು. ಕೈಗಾ ಅಣುಸ್ಥಾವರಕ್ಕೋ ಸೀಬರ್ಡ್ ನೌಕಾನೆಲೆಗೋ ವರ್ಗವಾಗಿ ಬಂದವರು ಮನೆ ಖಾಲಿ ಮಾಡಿದಾಗ ಒಂದಲ್ಲ ಒಂದು ನಲ್ಲಿ ತೊಟ್ಟಿಕ್ಕುತ್ತಲೇ ಇರುತ್ತದೆ. ಅಷ್ಟಕ್ಕೆ ಪ್ಲಂಬರ್ ದಾರಿ ಕಾಯಬೇಕಿಲ್ಲ. ಯಾವ ನಲ್ಲಿ ತರಬೇಕು ಅನ್ನುವುದೇ ಮುಖ್ಯ. ತಣ್ಣೀರಿಗೆ ಅರ್ಧ ಇಂಚಿನ ಪಿಟಿಎಂಟಿ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ನಲ್ಲಿಯನ್ನೇ ತನ್ನಿ.

ಕಾರಣ ನಮ್ಮ ಗಾಳಿ. ಕೋಡಿಬಾಗದಂಥ ಕಡೆ, ಸಮುದ್ರಕ್ಕೆ ಹತ್ತಿರದ ಮನೆಗಳಲ್ಲಿ, ಅಗ್ಗದ ಕ್ರೋಮ್ ನಲ್ಲಿಯ ಹೊಳಪು ಬೇಗ ಚುಕ್ಕೆಚುಕ್ಕೆಯಾಗಿ ಏಳುತ್ತದೆ. ಅದಕ್ಕಿಂತ ಕೆಟ್ಟದ್ದು ಒಳಗೆ ನಡೆಯುತ್ತದೆ. ಹಿತ್ತಾಳೆ ಎಂದು ಮಾರುವ ಹಗುರ ನಲ್ಲಿಗಳಲ್ಲಿ ಹಲವು ಸತುವಿನ ಮಿಶ್ರಲೋಹದವು. ಉಪ್ಪುನೀರಿಗೆ ಸತು ಕರಗಿ ಕುತ್ತಿಗೆ ಪೊಳ್ಳಾಗುತ್ತದೆ. ಬಿಚ್ಚಲು ಹೋದರೆ ನಲ್ಲಿ ಕೈಗೆ ಬರುತ್ತದೆ, ಥ್ರೆಡ್ ಗೋಡೆಯೊಳಗೇ ಉಳಿಯುತ್ತದೆ. ಪಿಟಿಎಂಟಿ ಪ್ಲಾಸ್ಟಿಕ್. ಇದಕ್ಕೆ ತುಕ್ಕಿನ ಮಾತೇ ಇಲ್ಲ. ಬೆಲೆಯೂ ಒಳ್ಳೆಯ ಹಿತ್ತಾಳೆ ನಲ್ಲಿಗಿಂತ ಬಹಳ ಕಡಿಮೆ. ಕೊಳ್ಳುವಾಗ ಐಎಸ್‌ಐ ಗುರುತು, ಐಎಸ್ 9763 ಸಂಖ್ಯೆ ನೋಡಿಕೊಳ್ಳಿ.

ಹಳೆಯದನ್ನು ಬಿಚ್ಚುವಾಗಲೇ ಹೆಚ್ಚಿನ ಅನಾಹುತ ಆಗುವುದು. ಟ್ಯಾಂಕಿನ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿ ತೆರೆದು ಪೈಪ್ ಖಾಲಿ ಮಾಡಿ. ಗೋಡೆಯೊಳಗೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪ್ ಇದ್ದರೆ ಕೊನೆಯಲ್ಲಿ ಹಿತ್ತಾಳೆ ಥ್ರೆಡ್‌ನ ಎಲ್ಬೋ (ಮೊಣಕೈಯಂತೆ ಬಾಗಿದ ಜೋಡಣೆ) ಇರುತ್ತದೆ. ಪಾನಾ ಹಾಕಿ ಒಮ್ಮೆಲೇ ಜಗ್ಗಿದರೆ ಎಲ್ಬೋನೇ ತಿರುಗಿ ಒಳಗಿನ ಜಾಯಿಂಟ್ ಬಿರುಕು ಬಿಡುತ್ತದೆ. ಆಮೇಲೆ ಟೈಲ್ಸ್ ಒಡೆಯದೆ ಬೇರೆ ದಾರಿಯಿಲ್ಲ. ನಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರೆ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡಿ. ನಂತರ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಎಂದು ಅಲುಗಿಸುತ್ತ ಬಿಚ್ಚಿ. ಥ್ರೆಡ್ ಒಳಗೆ ಉಳಿದುಬಿಟ್ಟರೆ ಹ್ಯಾಕ್ಸಾ ಬ್ಲೇಡಿನಿಂದ ಉಳಿದ ತುಂಡಿನಲ್ಲಿ ಮಾತ್ರ ಒಂದು ಸೀಳು ಕೊಯ್ದು, ಸ್ಕ್ರೂಡ್ರೈವರ್‌ನಿಂದ ಒಳಮುಖವಾಗಿ ಮಡಚಿ ತೆಗೆಯಬಹುದು. ಬ್ಲೇಡ್ ಎಲ್ಬೋದ ಥ್ರೆಡ್‌ಗೆ ತಾಗಬಾರದು. ಹಳೇ ಟೂತ್‌ಬ್ರಶ್‌ನಿಂದ ಒಳಗಿನ ಕೊಳೆ, ಟೇಪಿನ ಚೂರು ತೆಗೆಯಿರಿ.

ಹೊಸ ನಲ್ಲಿಯ ಥ್ರೆಡ್‌ನ ಬಾಯಿ ನಿಮ್ಮ ಕಡೆಗಿರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಟೆಫ್ಲಾನ್ ಟೇಪ್ ಸುತ್ತಿ. ತುದಿಯ ಒಂದು ಎಳೆ ಬಿಟ್ಟು, ಟೇಪನ್ನು ಎಳೆದು ಬಿಗಿಯಾಗಿ 10ರಿಂದ 12 ಸುತ್ತು. ತೀರ ತೆಳ್ಳಗಿನ ಟೇಪಾದರೆ ಇನ್ನೂ ನಾಲ್ಕು. ಉಲ್ಟಾ ಸುತ್ತಿದರೆ ನಲ್ಲಿ ಕೂರಿಸುವಾಗಲೇ ಬಿಚ್ಚಿಕೊಳ್ಳುತ್ತದೆ. ಸಣಬಿನ ನೂಲು, ಸಫೇದ (ಪ್ಲಂಬರ್ ಹಚ್ಚುವ ಬಿಳಿ ಪೇಸ್ಟ್) ಎರಡೂ ಪ್ಲಾಸ್ಟಿಕ್ ಥ್ರೆಡ್‌ಗೆ ಬೇಡ. ಕೈಯಲ್ಲೇ ಬಿಗಿ ಮಾಡಿ, ಬಟ್ಟೆ ಸುತ್ತಿ ಕೊನೆಯ ಕಾಲು ಸುತ್ತು, ಅಷ್ಟೇ. ಪಾನಾ ಹಾಕಿದರೆ ಕುತ್ತಿಗೆಗೆ ಕೂದಲೆಳೆಯಷ್ಟು ಬಿರುಕು ಬಿದ್ದಿರುತ್ತದೆ, ಆ ದಿನ ಕಾಣುವುದಿಲ್ಲ. ಬಾಡಿಗೆದಾರರ ಫೋನ್ ಬರುವುದು ಕೆಲವು ವಾರ ಕಳೆದ ಮೇಲೆ. ಬಾಯಿ ಓರೆಯಾಗಿ ನಿಂತಿತೆಂದು ಹಿಂದಕ್ಕೆ ತಿರುಗಿಸಲೂ ಬಾರದು. ಟೇಪ್ ಹರಿದು ಸೋರುತ್ತದೆ. ಪೂರ್ತಿ ಬಿಚ್ಚಿ, ಸುತ್ತು ಹೆಚ್ಚುಕಡಿಮೆ ಮಾಡಿ ಮತ್ತೆ ಹಾಕಿ. ಥ್ರೆಡ್ ಸೋರುವಲ್ಲಿ ಹೊರಗಿನಿಂದ ಎಂ-ಸೀಲ್ ಮೆತ್ತುವುದು ಕೂಡ ವ್ಯರ್ಥ. ಒಳಗಿನ ಒತ್ತಡ ಅದನ್ನು ಎಬ್ಬಿಸುತ್ತದೆ, ಮುಂದೆ ಬಿಚ್ಚುವ ಕೆಲಸವೂ ದುಪ್ಪಟ್ಟು.

ಸ್ಪಿಂಡಲ್ (ಹಿಡಿ ತಿರುಗಿಸಿದಾಗ ನೀರು ಬಿಡುವ, ನಿಲ್ಲಿಸುವ ಒಳಭಾಗ) ವಿಚಾರದಲ್ಲಿ ಅಂಗಡಿಯವರು ಅರ್ಧ ಸುತ್ತಿಗೆ ತೆರೆಯುವ ಸೆರಾಮಿಕ್ ಡಿಸ್ಕ್‌ನದ್ದನ್ನೇ ಮುಂದೆ ಮಾಡುತ್ತಾರೆ. ಮುನ್ಸಿಪಾಲಿಟಿ ನೀರಿಗೆ ಅದು ಚೆನ್ನ. ಆದರೆ ಬಾವಿ ಅಥವಾ ಬೋರಿನ ಸಣ್ಣ ಮರಳು, ಕೆಂಪು ಕೆಸರು ಬರುವ ಮನೆಯಲ್ಲಿ ಡಿಸ್ಕ್ ಗೀರಿಕೊಂಡು ಸೋರಲು ಶುರುವಾದರೆ ಇಡೀ ಸ್ಪಿಂಡಲ್ ಬದಲಿಸಬೇಕು. ಅಂಥಲ್ಲಿ ರಬ್ಬರ್ ವಾಷರ್‌ನ ಹಳೇ ಮಾದರಿಯೇ ಒಳ್ಳೆಯದು. ವಾಷರ್‌ಗೆ ಕೆಲವೇ ರೂಪಾಯಿ, ಕೆಲಸ ಐದು ನಿಮಿಷದ್ದು. ಧಾರೆ ಸಣ್ಣಗಾದರೆ ಮೊದಲು ಬಾಯಿಯ ಜಾಲರಿ ತಿರುಗಿಸಿ ತೆಗೆದು ತೊಳೆಯಿರಿ.

ಇನ್ನು ಬೇಡವಾದ ಜಾಗಗಳು. ಗೀಸರ್‌ನ ಬಿಸಿನೀರಿಗೆ ಒಳ್ಳೆಯ ಹಿತ್ತಾಳೆಯದ್ದೇ ಇರಲಿ. ತಾರಸಿಯ ಬಿಸಿಲಲ್ಲಿ ಪ್ಲಾಸ್ಟಿಕ್ ಪೆಡಸಾಗುತ್ತದೆ. ಹಿತ್ತಲಲ್ಲಿ ತೋಟದ ಪೈಪ್ ಸಿಕ್ಕಿಸಿ ಎಳೆದಾಡುವ ಕಡೆಯೂ ಕುತ್ತಿಗೆ ಮುರಿಯುತ್ತದೆ.

ಪಿಟಿಎಂಟಿ ನಲ್ಲಿಯ ದೊಡ್ಡ ಕೊರತೆ ಅದರ ಹಿಡಿ. ಮೊದಲು ಮುರಿಯುವುದು ಅದೇ, ಒಂದು ಕಂಪನಿಯದ್ದು ಇನ್ನೊಂದಕ್ಕೆ ಕೂರುವುದು ಅಪರೂಪ. ಆದ್ದರಿಂದ ಇಡೀ ಮನೆಗೆ ಒಂದೇ ಮಾದರಿ ಹಾಕಿ, ತರುವಾಗಲೇ ಒಂದು ಹಿಡಿ, ಒಂದು ಸ್ಪಿಂಡಲ್ ಹೆಚ್ಚಿಗೆ ತಂದಿಡಿ. ಆಷಾಢದ ಮಳೆಯಲ್ಲಿ ಪೇಟೆಗೆ ಓಡುವುದು ತಪ್ಪುತ್ತದೆ.