ಎತ್ತರದ ತೋಟಕ್ಕೆ ಫ್ರಾಸ್ಟ್ ಕವರ್: ಮೂರು ವರ್ಷ ಬಳಸಿದ ಮೇಲೆ

ನನ್ನ ತರಕಾರಿ ತೋಟ ಇರುವುದು 2,600 ಮೀಟರ್ ಎತ್ತರದಲ್ಲಿ. ಫ್ರಾಸ್ಟ್ ಬೀಳದ, ಅಂದರೆ ಇಬ್ಬನಿ ಹೆಪ್ಪುಗಟ್ಟದ ದಿನಗಳು ವರ್ಷಕ್ಕೆ ಹೆಚ್ಚೆಂದರೆ 90. ಬೀನ್ಸ್ ಮೊಳೆತು ನಾಲ್ಕು ಎಲೆ ಬಿಡುವಷ್ಟರಲ್ಲಿ ಒಂದು ರಾತ್ರಿ ಬಂದು ಸುಟ್ಟುಹಾಕುತ್ತದೆ. ಕೊನೆಗೆ ಟೊಮೆಟೊ ಇನ್ನೇನು ಕೆಂಪಾಗಬೇಕು, ಅಷ್ಟರಲ್ಲಿ ಅಂಥದೇ ಇನ್ನೊಂದು ರಾತ್ರಿ. ಎರಡು ತಿಂಗಳು ಸಾಕಿದ ಗಿಡ ಬೆಳಗಾಗುವಷ್ಟರಲ್ಲಿ ಕಪ್ಪಾಗಿ ಜೋತುಬಿದ್ದಿರುವುದನ್ನು ನೋಡುವುದು ತುಂಬಾ ಕಷ್ಟ.

ಅದಕ್ಕೇ ಮೂರು ವರ್ಷದ ಹಿಂದೆ ಫ್ರಾಸ್ಟ್ ಕವರ್ ತರಿಸಿದೆ. ನೋಡಲು ಬಿಳಿ ಬಟ್ಟೆ, ಆದರೆ ನೇಯ್ದದ್ದಲ್ಲ. ಪಾಲಿಪ್ರೊಪಿಲೀನ್ ಎಳೆಗಳನ್ನು ಬಿಸಿಯಲ್ಲಿ ಒತ್ತಿ ಕೂಡಿಸಿರುತ್ತಾರೆ. ನೀರು, ಗಾಳಿ ಎರಡೂ ಒಳಗೆ ಹೋಗುತ್ತವೆ. ನಾನು ಬಳಸಿದ್ದು 17 ಜಿಎಸ್‌ಎಂ ಮತ್ತು 50 ಜಿಎಸ್‌ಎಂನ ಎರಡು ಬಗೆ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ). ತೆಳುವಾದದ್ದು ಬೆಳಕಿನ ಶೇ 85ರಷ್ಟನ್ನು ಒಳಗೆ ಬಿಡುತ್ತದೆ, ಹಗಲೂ ಹಾಗೇ ಬಿಡಬಹುದು. ದಪ್ಪದ್ದು ಹೆಚ್ಚುಕಡಿಮೆ ಅರ್ಧ ಬೆಳಕನ್ನು ತಡೆಯುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ತೆಗೆಯಬೇಕು, ಸಂಜೆ ಹೊದಿಸಬೇಕು.

ಪ್ಯಾಕೆಟ್ ಮೇಲೆ ಬರೆಯದ ಒಂದು ಮಾತಿದೆ. ಈ ಬಟ್ಟೆ ತಾನಾಗಿ ಬಿಸಿ ಮಾಡುವುದಿಲ್ಲ. ಹಗಲು ಮಣ್ಣು ಕುಡಿದ ಬಿಸಿಲನ್ನು ರಾತ್ರಿ ಬೇಗ ಹೊರಗೆ ಹೋಗದಂತೆ ಹಿಡಿದಿಡುತ್ತದೆ, ಅಷ್ಟೇ. ಮೊದಲ ವರ್ಷ ಕತ್ತಲಾದ ಮೇಲೆ ಹೊದಿಸುತ್ತಿದ್ದೆ. ಒಳಗೊಂದು ಹೊರಗೊಂದು ಥರ್ಮಾಮೀಟರ್ ಇಟ್ಟು ನೋಡಿದರೆ ಒಂದು ಡಿಗ್ರಿ ಕೂಡ ವ್ಯತ್ಯಾಸ ಇಲ್ಲ! ಮೋಡ ಇಲ್ಲದ, ಗಾಳಿ ಇಲ್ಲದ ಸಂಜೆ ನೆಲದ ಬಿಸಿ ಬೇಗನೆ ಆಕಾಶಕ್ಕೆ ಹೋಗಿಬಿಡುತ್ತದೆ. ಈಗ ಮಡಿಯ ಮೇಲೆ ಬಿಸಿಲು ಇರುವಾಗಲೇ ಹೊದಿಸುತ್ತೇನೆ. ಒಣಮಣ್ಣಿಗಿಂತ ಹಸಿಮಣ್ಣು ಜಾಸ್ತಿ ಬಿಸಿ ಹಿಡಿಯುತ್ತದೆ, ಅದಕ್ಕೆ ಬೆಳಿಗ್ಗೆಯೇ ನೀರು ಹಾಕಿರುತ್ತೇನೆ. ಇಷ್ಟು ಮಾಡಿದ ಮೇಲೆ ಒಂದು ಬೆಳಗಿನ ಜಾವ 50 ಜಿಎಸ್‌ಎಂ ಅಡಿಯಲ್ಲಿ 1 ಡಿಗ್ರಿ ಇತ್ತು, ಹೊರಗೆ ಮೈನಸ್ 3. ಬಟ್ಟೆ ರಟ್ಟಿನ ಹಾಗೆ ಸೆಟೆದು ನಿಂತಿತ್ತು, ಎತ್ತಿದರೆ ಚರಚರ ಸದ್ದು. ಒಳಗೆ ಬೀನ್ಸ್ ಹಸಿರಾಗಿಯೇ ಇತ್ತು. ಒಂದೇ ಒಂದು ಎಲೆ ಮಾತ್ರ ಬಿಸಿನೀರು ಎರಚಿದ ಹಾಗೆ ಕಪ್ಪಾಗಿತ್ತು, ಅದೂ ಬಟ್ಟೆಗೆ ತಾಗಿದ್ದ ತುದಿಯಷ್ಟೇ. ಅದನ್ನು ನೋಡಿದ ಮೇಲೆ ಕಮಾನು ಹಾಕದೆ ಸುಮ್ನೆ ಗಿಡದ ಮೇಲೆ ಹಾಸುವುದನ್ನು ಬಿಟ್ಟೆ. ಪೈಪ್ ಬಗ್ಗಿಸಿ ಮಡಿಯ ಎರಡೂ ಬದಿ ಊರಿದರೆ ಸಾಕು.

ಬಾಳಿಕೆ ಬಗ್ಗೆ ನನಗೆ ಬೇಸರ ಇದೆ. ಮೇಲೆ ಹೋದಷ್ಟೂ ಬಿಸಿಲಿನ ಯುವಿ (ಇಂಥ ಎಳೆಗಳನ್ನು ಹಾಳುಮಾಡುವ ನೇರಳಾತೀತ ಕಿರಣ) ಜಾಸ್ತಿ, 1,000 ಮೀಟರಿಗೆ ಸುಮಾರು ಶೇ 10ರಷ್ಟು. ಎರಡನೇ ವರ್ಷ ತರಿಸಿದ ತೆಳು ರೋಲ್ ಮೇಲೆ ಯುವಿ ತಡೆಯುತ್ತದೆ ಅಂತ ದೊಡ್ಡದಾಗಿ ಬರೆದಿತ್ತು. ನಾಲ್ಕೇ ತಿಂಗಳಲ್ಲಿ ಮುಟ್ಟಿದರೆ ಪುಡಿ ಪುಡಿ ಉದುರತೊಡಗಿತು. ಎಳೆಗಳು ತೋಟದ ಮಣ್ಣಿಗೆ ಸೇರಿದವು, ಆರಿಸಿ ತೆಗೆಯಲು ವಾರ ಹಿಡಿಯಿತು. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. 50 ಜಿಎಸ್‌ಎಂ ಮಾತ್ರ ಮೂರನೇ ವರ್ಷವೂ ಗಟ್ಟಿಯಾಗಿದೆ. ಗಾಳಿಗೆ ಕ್ಲಿಪ್ ನಂಬಬೇಡಿ, ಚಳಿಗೆ ಸೀಳುತ್ತವೆ. ಅಂಚಿನ ಉದ್ದಕ್ಕೂ ಮಣ್ಣು ಎಳೆದು ಮುಚ್ಚಿ.

ಹೂ ಬಿಟ್ಟ ಕುಂಬಳ, ಸೌತೆಗೆ ಹಗಲು ತೆರೆದಿಡಲೇಬೇಕು. ಜೇನುನೊಣ ಒಳಗೆ ಹೋಗದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ, ನನಗೆ ಒಂದು ಬಳ್ಳಿ ಪೂರ್ತಿ ಹಾಗಾಯಿತು. ಎಲೆಕೋಸಿಗೆ ತೆಳು ಬಟ್ಟೆ ತುಂಬಾ ಒಳ್ಳೆಯದು, ಚಿಟ್ಟೆ ಮೊಟ್ಟೆ ಇಡಲು ಜಾಗವೇ ಸಿಗುವುದಿಲ್ಲ. ಬಟಾಣಿ ಸಸಿಗೆ ಸಣ್ಣಪುಟ್ಟ ಫ್ರಾಸ್ಟ್ ತಡೆಯುವ ಶಕ್ತಿ ಇದೆ, ದುಡ್ಡು ಹಾಕಬೇಡಿ. ಕ್ಯಾರೆಟ್‌ಗಂತೂ ಚಳಿ ತಾಗಲಿ ಬಿಡಿ. ಚಳಿಗೆ ಅದರ ಪಿಷ್ಟ ಸಕ್ಕರೆಯಾಗಿ ಸಿಹಿ ಹೆಚ್ಚುತ್ತದೆ, ಅಲ್ವಾ?

ಒಂದೇ ರೋಲ್ ಕೊಳ್ಳುವುದಾದರೆ ದಪ್ಪದ್ದನ್ನೇ ಕೊಳ್ಳಿ, ದಿನಾ ತೆಗೆದು ಹಾಕಲು ನಿಮಗೆ ಸಮಯ ಇದ್ದರೆ. ಕಳೆದ ವರ್ಷ ಪಾಲಕ್, ಮೂಲಂಗಿಯನ್ನು ಮೂರು ವಾರ ಮೊದಲೇ ಬಿತ್ತಿದೆ. ಮೊದಲ ಫ್ರಾಸ್ಟ್ ಬಿದ್ದ ಮೇಲೂ 19 ದಿನ ಗಿಡದಲ್ಲೇ ಹಣ್ಣಾದ ಟೊಮೆಟೊ ಕಿತ್ತೆ. ಇಲ್ಲಿಗೆ ಬಂದ ಮೇಲೆ ಅದೇ ಮೊದಲು. ಆಲೂಗಡ್ಡೆ ಮಡಿಗೆ ಅಂತ 50 ಜಿಎಸ್‌ಎಂ ಇನ್ನೊಂದು 10 ಮೀಟರ್ ಈಗ ತರಿಸಿದ್ದೇನೆ.