ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಕೆ ಕಲಿಸುವ ಮಾದರಿ ಪೆಟ್ಟಿಗೆ: ಶಿರಸಿಯ ತರಗತಿಯಲ್ಲಿ ಬಳಸಿದ ಮೇಲೆ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಮಕ್ಕಳು ಅತಿ ಹೆಚ್ಚು ಬಾಯಿಪಾಠ ಮಾಡುವ, ಅತಿ ಕಡಿಮೆ ಅರ್ಥ ಮಾಡಿಕೊಳ್ಳುವ ಭಾಗ ಯಾವುದೆಂದು ಕೇಳಿದರೆ ನಾನು ಟ್ರಾನ್ಸ್‌ಲೇಷನ್ ಎಂದೇ ಹೇಳುತ್ತೇನೆ. ಜೀನಿನ ಸಂದೇಶ ಹೊತ್ತ ಎಂಆರ್‌ಎನ್‌ಎಯ ಅಕ್ಷರಗಳನ್ನು, ಪ್ರೋಟೀನ್ ಕಟ್ಟುವ ಯಂತ್ರದಂಥ ರೈಬೋಸೋಮ್ ಮೂರು ಮೂರರಂತೆ ಓದಿ ಅಮೈನೋ ಆಮ್ಲಗಳನ್ನು ಸಾಲಾಗಿ ಜೋಡಿಸುತ್ತದೆ ಎಂಬ ವಾಕ್ಯ ಎಲ್ಲರಿಗೂ ಬರುತ್ತದೆ. ಆದರೆ ಓದುವುದಕ್ಕೆ ಎಲ್ಲಿಂದ ಶುರು ಮಾಡಬೇಕು, ಯಾವ ಕೋಡಾನಿಗೆ, ಅಂದರೆ ಮೂರಕ್ಷರದ ಗುಂಪಿಗೆ, ಯಾವ ಆಮ್ಲ ಎಂದು ತೀರ್ಮಾನಿಸುವುದು ಯಾವುದು, ಎಲ್ಲಿ ನಿಲ್ಲಬೇಕೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಇವನ್ನು ಕೈಯಲ್ಲಿ ಹಿಡಿದು ತೋರಿಸುವಂಥ ಸಾಧನ ಬೇಕೆಂದು ನಮ್ಮ ಶಿರಸಿಯ ಕಾಲೇಜಿಗೆ ಹುಬ್ಬಳ್ಳಿಯ ಲ್ಯಾಬ್ ಸಾಮಗ್ರಿ ವ್ಯಾಪಾರಿಯೊಬ್ಬರ ಮೂಲಕ ಒಂದು ಮಾದರಿ ಪೆಟ್ಟಿಗೆಯನ್ನು ತರಿಸಿದೆವು. ಸಾಗಣೆ ಸೇರಿ ಬೆಲೆ ಸುಮಾರು 4,000 ರೂಪಾಯಿ. ಓದು ಶುರುವಾಗುವ ಬಗೆಯನ್ನು ಇದು ನಾನು ನೋಡಿರುವ ಯಾವ ಗೋಡೆ ಚಾರ್ಟಿಗಿಂತಲೂ ಚೆನ್ನಾಗಿ ತೋರಿಸುತ್ತದೆ. ನಿಲ್ಲುವ ಬಗೆಯನ್ನು ಮಾತ್ರ ತಪ್ಪಾಗಿ ಕಲಿಸುತ್ತದೆ. ಕೊಳ್ಳುವ ಶಿಕ್ಷಕರಿಗೆ ಎರಡೂ ಮೊದಲೇ ತಿಳಿದಿರಬೇಕು.

ಪೆಟ್ಟಿಗೆಯೊಳಗೆ ಬಿಳಿ ಬಣ್ಣ ಬಳಿದ ತಗಡಿನ ಹಲಗೆ, ಹಿಂಬದಿಗೆ ಅಯಸ್ಕಾಂತ ಅಂಟಿಸಿದ ದಪ್ಪ ಫೋಮಿನ ತುಂಡುಗಳು, ಅಕ್ಷರಗಳನ್ನು ಅಚ್ಚು ಹಾಕಿದ ಉದ್ದನೆಯ ಎಂಆರ್‌ಎನ್‌ಎ ಪಟ್ಟಿಗಳು, ಆಮ್ಲಗಳನ್ನು ಹೊತ್ತು ತರುವ ಟಿಆರ್‌ಎನ್‌ಎ ತುಂಡುಗಳು, ಅವಕ್ಕೆ ಟಿಚ್ ಬಟನ್‌ನಿಂದ ಸಿಕ್ಕಿಸುವ ಬಣ್ಣದ ಅಮೈನೋ ಆಮ್ಲಗಳು ಮತ್ತು ಒಂದು ಕೈಪಿಡಿ ಇವೆ. ರೈಬೋಸೋಮ್ ಎರಡು ಹೋಳಾಗಿ ಬರುತ್ತದೆ: ಓದುವ ಕೆಲಸದ 30ಎಸ್ ಉಪಘಟಕ, ಜೋಡಿಸುವ ಕೆಲಸದ 50ಎಸ್ ಉಪಘಟಕ. ಎರಡೂ ಕೂಡಿದರೆ 70ಎಸ್. ಕೂಡಿಸಿದಾಗ ಹೊಸ ಟಿಆರ್‌ಎನ್‌ಎ ಬಂದು ಕೂರುವ ಎ, ಬೆಳೆಯುವ ಸರಪಳಿಯನ್ನು ಹಿಡಿದಿರುವ ಪಿ, ಖಾಲಿಯಾದ ಟಿಆರ್‌ಎನ್‌ಎ ಹೊರಹೋಗುವ ಇ ಎಂಬ ಮೂರು ತಾಣಗಳು ಹಲಗೆಯ ಮೇಲೆ ಸ್ಪಷ್ಟವಾಗಿ ಕಾಣುತ್ತವೆ, ಹಿಂದಿನ ಬೆಂಚಿನವರಿಗೂ.

ಶುರುವಿನ ಭಾಗಕ್ಕೆ ಬರುತ್ತೇನೆ, ಏಕೆಂದರೆ ಪೆಟ್ಟಿಗೆಯ ನಿಜವಾದ ಬೆಲೆ ಇರುವುದು ಅಲ್ಲಿಯೇ. ನಮ್ಮ ಜೀವಕೋಶಗಳಲ್ಲಿ ರೈಬೋಸೋಮ್ ಸಾಮಾನ್ಯವಾಗಿ ಎಂಆರ್‌ಎನ್‌ಎಯ ತುದಿಯನ್ನು ಹಿಡಿದು ಒಳಕ್ಕೆ ಸರಿಯುತ್ತ, ಓದು ಶುರುವಾಗುವ ಕೋಡಾನ್ ಆದ ಎಯುಜಿಯಲ್ಲಿ ಮೊದಲನೆಯದನ್ನು ಹುಡುಕುತ್ತದೆ. ಬ್ಯಾಕ್ಟೀರಿಯಾದಲ್ಲಿ ಹಾಗಿಲ್ಲ. ಅಲ್ಲಿ ಎಯುಜಿಗೆ ಕೆಲವೇ ಅಕ್ಷರಗಳ ಮೊದಲು ಎಜಿಜಿಎಜಿಜಿ ಎಂಬ ಸಾಲೋ ಅದನ್ನು ಹೋಲುವ ಸಾಲೋ ಇರುತ್ತದೆ. 30ಎಸ್‌ನಲ್ಲಿರುವ 16ಎಸ್ ಆರ್‌ಎನ್‌ಎಯ ತುದಿಯ ಸಿಸಿಯುಸಿಸಿ ಅಕ್ಷರಗಳು ಅದರೊಂದಿಗೆ ಜೋಡಿಯಾಗಿ ಕೂರುತ್ತವೆ, ಆಗ ಸರಿಯಾದ ಎಯುಜಿ ತಾನಾಗಿ ಪಿ ತಾಣಕ್ಕೆ ಬಂದು ನಿಲ್ಲುತ್ತದೆ. ಆಸ್ಟ್ರೇಲಿಯಾದ ಜಾನ್ ಶೈನ್ ಮತ್ತು ಲಿನ್ ಡಾಲ್ಗಾರ್ನೊ 1974ರಲ್ಲಿ ಗುರುತಿಸಿದ ಈ ಸಾಲು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಪೆಟ್ಟಿಗೆಯಲ್ಲಿ 30ಎಸ್ ತುಂಡಿನ ಅಂಚಿಗೆ ಈ ಅಕ್ಷರಗಳನ್ನು ಹಲ್ಲುಗಳಂತೆ ಕತ್ತರಿಸಿದ್ದಾರೆ, ಪಟ್ಟಿಯ ಆ ಸಾಲಿಗೆ ಮಾತ್ರ ಹೊಂದುವ ಕಚ್ಚುಗಳಿವೆ. ಪಟ್ಟಿಯ ನಡುವಿನಲ್ಲಿ ಬೇಕೆಂದೇ ಇನ್ನೊಂದು ಎಯುಜಿಯನ್ನೂ ಇಟ್ಟಿದ್ದಾರೆ, ಅದರ ಮುಂದೆ ಕಚ್ಚುಗಳಿಲ್ಲ. ವಿದ್ಯಾರ್ಥಿ ಅಲ್ಲಿ ರೈಬೋಸೋಮ್ ಕೂರಿಸಲು ಹೋದರೆ ತುಂಡು ಕೂರುವುದಿಲ್ಲ. ಎಲ್ಲ ಎಯುಜಿಯೂ ಶುರುವಲ್ಲ ಎಂಬುದನ್ನು ನಾನು ಮಾತಿನಲ್ಲಿ ಹೇಳಬೇಕಾದ ಅಗತ್ಯವೇ ಉಳಿಯಲಿಲ್ಲ.

ಶುರುವಿನ ಜಾಗ ಒಂದೇ ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೈಪಿಡಿ ಕೊಟ್ಟಿರುವ ಉದಾಹರಣೆ ಇಂಗ್ಲಿಷಿನದು, ನಮ್ಮ ಮಕ್ಕಳಿಗೆ ಅದು ತಟ್ಟುವುದಿಲ್ಲ. ಅದರ ಬದಲು ನಾನು ಬೋರ್ಡಿನ ಮೇಲೆ ‘ಅಡಿಕೆಮರದಬುಡಕೆಗೊಬ್ಬರಹಾಕಿರಿ’ ಎಂದು ಜಾಗ ಬಿಡದೆ ಬರೆಯುತ್ತೇನೆ. ಮೂರು ಮೂರು ಅಕ್ಷರ ಬಿಡಿಸಿದರೆ ಅಡಿಕೆ, ಮರದ, ಬುಡಕೆ, ಗೊಬ್ಬರ, ಹಾಕಿರಿ. ಎರಡನೆಯ ಅಕ್ಷರದಿಂದ ಶುರು ಮಾಡಿದರೆ ಡಿಕೆಮ, ರದಬು, ಡಕೆಗೊ. ತೋಟದ ಮನೆಗಳಿಂದ ಬರುವ ಮಕ್ಕಳಿಗೆ ಇದು ಕೂಡಲೇ ಹೊಳೆಯುತ್ತದೆ. ಆಮೇಲೆ ಪಟ್ಟಿಯನ್ನು ಒಂದಕ್ಷರ ಸರಿಸಿ ಓದಿಸಿದರೆ ಪ್ರೋಟೀನಿನ ಸಾಲೆಲ್ಲ ಬದಲಾಗುವುದನ್ನು ಅವರೇ ಲೆಕ್ಕ ಹಾಕುತ್ತಾರೆ.

ಇದೇ ಪಟ್ಟಿಯಲ್ಲಿ ಮತ್ತೊಂದು ಒಳ್ಳೆಯ ಕೆಲಸವಾಗಿದೆ. ಬ್ಯಾಕ್ಟೀರಿಯಾದ ಒಂದೇ ಎಂಆರ್‌ಎನ್‌ಎಯಲ್ಲಿ ಹಲವು ಜೀನ್‌ಗಳ ಸಂದೇಶ ಸಾಲಾಗಿ ಇರಬಹುದು. ಇ. ಕೋಲೈ ಬ್ಯಾಕ್ಟೀರಿಯಾದ ಲ್ಯಾಕ್ ಒಪೆರಾನ್ ಎಂಬ ಜೀನ್ ಗುಂಪಿನಲ್ಲಿ ಹಾಗೆ ಮೂರು ಜೀನ್‌ಗಳಿವೆ. ಪೆಟ್ಟಿಗೆಯ ಪಟ್ಟಿಯಲ್ಲಿ ಎರಡು ಜೀನ್‌ಗಳಿದ್ದು, ಎರಡರ ಮುಂದೆಯೂ ಶೈನ್-ಡಾಲ್ಗಾರ್ನೊ ಸಾಲಿನ ಕಚ್ಚುಗಳಿವೆ. ಒಪೆರಾನ್ ಪಾಠವನ್ನೂ ಈ ಪಾಠವನ್ನೂ ಒಂದೇ ಪಟ್ಟಿಯಲ್ಲಿ ಹೊಂದಿಸಿ ತೋರಿಸಲು ಸಾಧ್ಯವಾದುದು ನನಗೆ ಬಹಳ ಸಂತೋಷ ಕೊಟ್ಟಿತು.

ಯಾವ ಕೋಡಾನಿಗೆ ಯಾವ ಆಮ್ಲ ಎಂಬ ವಿಷಯದಲ್ಲಿ ತಯಾರಕರು ಅರ್ಧ ದಾರಿ ಬಂದು ನಿಂತಿದ್ದಾರೆ. ಫಿನೈಲ್‌ಅಲನೈನ್ ಹೊತ್ತ ಟಿಆರ್‌ಎನ್‌ಎ ತುಂಡು ಒಂದೇ ಇದ್ದು, ಯುಯುಯು ಮತ್ತು ಯುಯುಸಿ ಎರಡೂ ಕೋಡಾನುಗಳಲ್ಲಿ ಅದು ಕೂರುತ್ತದೆ. ಮೂರನೆಯ ಅಕ್ಷರದ ಜೋಡಣೆ ಸ್ವಲ್ಪ ಸಡಿಲವಾಗಿರಬಹುದು ಎಂದು ಫ್ರಾನ್ಸಿಸ್ ಕ್ರಿಕ್ 1966ರಲ್ಲಿ ಮುಂದಿಟ್ಟ ಮಾತಿಗೆ ಇದು ಸರಿಯಾಗಿ ಹೊಂದುತ್ತದೆ. ಟಿಆರ್‌ಎನ್‌ಎಗೆ ಒಂದು ಪಕ್ಕದಲ್ಲಿ ಮಾತ್ರ ಕಚ್ಚು ಇರುವುದರಿಂದ ತಿರುಗಿಸಿ ಕೂರಿಸಲು ಬರುವುದಿಲ್ಲ, ಹೀಗಾಗಿ ಕೋಡಾನ್ ಮತ್ತು ಅದಕ್ಕೆ ಜೋಡಿಯಾಗುವ ಟಿಆರ್‌ಎನ್‌ಎಯ ಮೂರಕ್ಷರವಾದ ಆಂಟಿಕೋಡಾನ್ ಎದುರುಬದುರು ದಿಕ್ಕಿನಲ್ಲಿ ಓದಲ್ಪಡುತ್ತವೆ ಎಂಬ ಸೂಕ್ಷ್ಮವೂ ತಪ್ಪುವುದಿಲ್ಲ. ಆದರೆ ಅಮೈನೋ ಆಮ್ಲಗಳ ಟಿಚ್ ಬಟನ್‌ಗಳೆಲ್ಲ ಒಂದೇ ಅಳತೆಯವು. ಯಾವ ಆಮ್ಲವನ್ನು ಯಾವ ಟಿಆರ್‌ಎನ್‌ಎಗೆ ಬೇಕಾದರೂ ಸಿಕ್ಕಿಸಬಹುದು. ಸಹೋದ್ಯೋಗಿಯೊಬ್ಬರು ಇದನ್ನು ದೋಷವೆಂದರು. ನನ್ನ ಅಭಿಪ್ರಾಯ ಬೇರೆ. ಆಮ್ಲ ಸರಿಯಾದುದೇ ಎಂದು ರೈಬೋಸೋಮ್ ಪರೀಕ್ಷಿಸುವುದಿಲ್ಲ. ಅದು ನೋಡುವುದು ಕೋಡಾನ್ ಮತ್ತು ಆಂಟಿಕೋಡಾನ್‌ಗಳ ಜೋಡಿಯನ್ನು. 1962ರಲ್ಲಿ ಶಾಪೆವಿಲ್, ಲಿಪ್‌ಮನ್ ಮತ್ತು ಅವರ ಸಂಗಡಿಗರು ಟಿಆರ್‌ಎನ್‌ಎಗೆ ಅಂಟಿದ್ದ ಸಿಸ್ಟೀನನ್ನು ಅಲ್ಲಿಯೇ ರಾಸಾಯನಿಕವಾಗಿ ಅಲನೈನ್ ಮಾಡಿದರು; ಸಿಸ್ಟೀನ್ ಕೂರಬೇಕಾದ ಜಾಗಗಳಲ್ಲೆಲ್ಲ ಅಲನೈನ್ ಕೂತಿತು. ಈ ಪ್ರಯೋಗವನ್ನು ಟಿಚ್ ಬಟನ್ ಬದಲಿಸಿ ತರಗತಿಯಲ್ಲಿ ಹಾಗೆಯೇ ಆಡಿ ತೋರಿಸಬಹುದು, ಮತ್ತು ಮಕ್ಕಳು ಕೇಳಬೇಕಾದ ಪ್ರಶ್ನೆಯನ್ನು ತಾವಾಗಿ ಕೇಳುತ್ತಾರೆ: ಹಾಗಾದರೆ ಸರಿಯಾದ ಆಮ್ಲವನ್ನು ಹೊರಿಸುವುದು ಯಾವುದು?

ಅದಕ್ಕೆ ಉತ್ತರವಾದ ಅಮೈನೋಅಸೈಲ್ ಟಿಆರ್‌ಎನ್‌ಎ ಸಿಂಥೆಟೇಸ್ ಕಿಣ್ವದ ತುಂಡು ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ. ಇ. ಕೋಲೈನಲ್ಲಿ ಇಪ್ಪತ್ತು ಆಮ್ಲಗಳಿಗೆ ಇಪ್ಪತ್ತು ಬಗೆಯ ಸಿಂಥೆಟೇಸ್‌ಗಳಿವೆ; ಒಂದು ಕೈಯಲ್ಲಿ ಆಮ್ಲವನ್ನೂ ಇನ್ನೊಂದು ಕೈಯಲ್ಲಿ ಅದಕ್ಕೆ ತಕ್ಕ ಟಿಆರ್‌ಎನ್‌ಎಯನ್ನೂ ಗುರುತಿಸುವುದು ಅವು ಮಾತ್ರ. ಜೆನೆಟಿಕ್ ಕೋಡ್ ನಿಜವಾಗಿ ಕಾರ್ಯರೂಪಕ್ಕೆ ಬರುವುದು ಅಲ್ಲಿ. ನಾಲ್ಕು ಸಾವಿರ ಕೊಟ್ಟು ತರಿಸಿದ ಮಾದರಿಯಲ್ಲಿ ಇಂಥ ಒಂದು ತುಂಡನ್ನಾದರೂ ಸೇರಿಸಬೇಕಿತ್ತು. ನಾವು ದಪ್ಪ ರಟ್ಟಿನಲ್ಲಿ ಎರಡು ಮಾಡಿಕೊಂಡಿದ್ದೇವೆ.

ಸರಪಳಿ ಬೆಳೆಯುವ ಹಂತ ಚೆನ್ನಾಗಿದೆ. ಹೊಸ ಆಮ್ಲ ಬಂದು ಹಳೆಯ ಸರಪಳಿಯ ಬಾಲಕ್ಕೆ ಅಂಟುತ್ತದೆ, ಸರಪಳಿ ಇದ್ದಲ್ಲೇ ಇರುತ್ತದೆ ಎಂದು ಹೆಚ್ಚಿನ ಮಕ್ಕಳು ತಿಳಿದಿರುತ್ತಾರೆ. ಇಲ್ಲಿ ಪಿ ತಾಣದ ಟಿಆರ್‌ಎನ್‌ಎಯಿಂದ ಇಡೀ ಸರಪಳಿಯನ್ನು ಬಿಡಿಸಿ ಎ ತಾಣದ ಆಮ್ಲದ ಮೇಲೆ ಸಿಕ್ಕಿಸದ ಹೊರತು ಬಟನ್ ಹೊಂದುವುದಿಲ್ಲ, ರೈಬೋಸೋಮಿನಲ್ಲಿ ಆಗುವುದೂ ಹಾಗೆಯೇ. ಮೊದಲ ಟಿಆರ್‌ಎನ್‌ಎ ಮಾತ್ರ ನೇರವಾಗಿ ಪಿ ತಾಣಕ್ಕೆ ಬರುವುದರಿಂದ ಅದಕ್ಕೆ ಬೇರೆ ಆಕಾರ ಕೊಟ್ಟಿದ್ದಾರೆ, ಅದರ ಮೆಥಿಯೋನಿನ್ ಮೇಲೆ ಫಾರ್ಮೈಲ್ ಗುಂಪಿನ ಪುಟ್ಟ ಕೆಂಪು ಬಿಲ್ಲೆ ಇದೆ. ಇಷ್ಟು ಕಾಳಜಿ ತೋರಿದವರ ಕೈಪಿಡಿಯಲ್ಲಿ ಪೆಪ್ಟೈಡ್ ಬಂಧ ಮಾಡುವುದು 50ಎಸ್‌ನ ಒಂದು ಪ್ರೋಟೀನ್ ಕಿಣ್ವ ಎಂದು ಅಚ್ಚಾಗಿರುವುದು ಬೇಸರದ ಸಂಗತಿ. ಆ ಕೆಲಸ 23ಎಸ್ ಆರ್‌ಎನ್‌ಎಯದು. 2000ದಲ್ಲಿ ಪ್ರಕಟವಾದ 50ಎಸ್ ರಚನೆಯಲ್ಲಿ ಆ ಜಾಗದ ಸುತ್ತ ಆರ್‌ಎನ್‌ಎ ಮಾತ್ರ ಕಂಡಿತು. ರೈಬೋಸೋಮಿನ ರಚನೆಗಾಗಿ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರಿಗೆ ಥಾಮಸ್ ಸ್ಟೈಟ್ಜ್ ಮತ್ತು ಅದಾ ಯೋನತ್ ಜೊತೆ 2009ರ ರಸಾಯನಶಾಸ್ತ್ರದ ನೊಬೆಲ್ ಬಂದಿದೆ. ಪಠ್ಯಪುಸ್ತಕ ಒಂದು ಹೇಳಿ ಕೈಪಿಡಿ ಇನ್ನೊಂದು ಹೇಳಿದರೆ ಪರೀಕ್ಷೆ ಬರೆಯುವ ಮಕ್ಕಳು ಯಾವುದನ್ನು ನಂಬಬೇಕು?

ಶಕ್ತಿಯ ಲೆಕ್ಕವನ್ನೂ ಬಿಟ್ಟಿದ್ದಾರೆ. ಇಎಫ್-ಟಿಯು ಎಂಬ ಸಹಾಯಕ ಪ್ರೋಟೀನ್ ಟಿಆರ್‌ಎನ್‌ಎಯನ್ನು ಎ ತಾಣಕ್ಕೆ ತಂದು ಶಕ್ತಿಯ ಅಣುವಾದ ಜಿಟಿಪಿ ಒಂದನ್ನು ಖರ್ಚು ಮಾಡುತ್ತದೆ, ಇಎಫ್-ಜಿ ಎಂಬ ಇನ್ನೊಂದು ಪ್ರೋಟೀನ್ ರೈಬೋಸೋಮನ್ನು ಒಂದು ಕೋಡಾನ್ ಮುಂದಕ್ಕೆ ಸರಿಸಲು ಇನ್ನೊಂದು. ಆಮ್ಲ ಹೊರಿಸುವಾಗಲೇ ಎಟಿಪಿಯ ಎರಡು ಬಂಧಗಳು ಮುರಿದಿರುತ್ತವೆ. ಒಂದೊಂದು ಆಮ್ಲಕ್ಕೆ ನಾಲ್ಕು. ಈ ತುಂಡುಗಳಿಲ್ಲದೆ ಆಡಿದ ಮಕ್ಕಳಿಗೆ ರೈಬೋಸೋಮ್ ತಾನಾಗಿ ಜಾರುತ್ತದೆ ಎಂಬ ಭಾವನೆ ಬರುತ್ತದೆ.

ನಾನು ಕ್ಷಮಿಸಲಾರದ ದೋಷ ಕೊನೆಯ ಹಂತದಲ್ಲಿದೆ. ಓದು ನಿಲ್ಲಬೇಕೆಂದು ಹೇಳುವ ಯುಎಎ ಕೋಡಾನ್ ಬಂದಾಗ ಕೂರಿಸಲು ಆಮ್ಲವಿಲ್ಲದ ಒಂದು ಟಿಆರ್‌ಎನ್‌ಎ ತುಂಡು ಕೊಟ್ಟು, ಅದರ ಮೇಲೆ ನಿಲುಗಡೆಯ ಗುರುತು ಹಾಕಿದ್ದಾರೆ. ಸಾಮಾನ್ಯವಾಗಿ ನಿಲುಗಡೆಯ ಮೂರು ಕೋಡಾನುಗಳಾದ ಯುಎಎ, ಯುಎಜಿ, ಯುಜಿಎಗಳಿಗೆ ಟಿಆರ್‌ಎನ್‌ಎ ಇರುವುದಿಲ್ಲ, ಮೂಲ ಸಂಗತಿಯೇ ಅದು. ಆ ಕೋಡಾನುಗಳನ್ನು ಓದುವುದು ಬಿಡುಗಡೆ ಅಂಶಗಳೆಂಬ ಪ್ರೋಟೀನುಗಳು: ಆರ್‌ಎಫ್1 ಯುಎಎ ಮತ್ತು ಯುಎಜಿಯನ್ನು, ಆರ್‌ಎಫ್2 ಯುಎಎ ಮತ್ತು ಯುಜಿಎಯನ್ನು ಗುರುತಿಸುತ್ತದೆ. ಅವು ಎ ತಾಣದಲ್ಲಿ ಕೂತಾಗ ಸರಪಳಿ ಮುಂದಿನ ಆಮ್ಲದ ಬದಲು ನೀರಿನ ಅಣುವಿನೊಂದಿಗೆ ವರ್ತಿಸಿ ಕಳಚಿಕೊಳ್ಳುತ್ತದೆ. ಆಮ್ಲವಿಲ್ಲದ ಟಿಆರ್‌ಎನ್‌ಎ ಬಂದು ಕೂತ ಮಾತ್ರಕ್ಕೆ ಸರಪಳಿ ಬಿಡುಗಡೆಯಾಗುವುದಿಲ್ಲ. ಒಮ್ಮೆ ಕೈಯಲ್ಲಿ ಹಿಡಿದು ಕಲಿತ ತಪ್ಪನ್ನು ಮನಸ್ಸಿನಿಂದ ತೆಗೆಯುವುದು ಎಷ್ಟು ಕಷ್ಟವೆಂದು ಪಾಠ ಮಾಡುವವರಿಗೆ ಗೊತ್ತು. ಆ ತುಂಡನ್ನು ನಾವು ಪೆಟ್ಟಿಗೆಯಿಂದ ಹೊರಗಿಟ್ಟಿದ್ದೇವೆ.

ಪ್ರತಿಜೀವಕಗಳ ನಾಲ್ಕು ಬಿಲ್ಲೆಗಳು ಮಾತ್ರ ನಮ್ಮ ಜಿಲ್ಲೆಗೆಂದೇ ಮಾಡಿದಂತಿವೆ. ಟೆಟ್ರಾಸೈಕ್ಲಿನ್ 30ಎಸ್‌ನಲ್ಲಿ ಎ ತಾಣವನ್ನು ಅಡ್ಡಗಟ್ಟುತ್ತದೆ, ಸ್ಟ್ರೆಪ್ಟೊಮೈಸಿನ್ ಓದಿನಲ್ಲಿ ತಪ್ಪು ಮಾಡಿಸುತ್ತದೆ, ಕ್ಲೋರಾಂಫೆನಿಕಾಲ್ ಬಂಧ ಕಟ್ಟುವ ಜಾಗದಲ್ಲಿ ಕೂರುತ್ತದೆ, ಎರಿಥ್ರೋಮೈಸಿನ್ ಸರಪಳಿ ಹೊರಬರುವ ಸುರಂಗದಲ್ಲಿ. ಹಲಗೆಯ ಮೇಲೆ ಬಿಲ್ಲೆ ಇಟ್ಟ ಕೂಡಲೇ ಆಟ ಮುಂದೆ ಸಾಗದೆ ನಿಲ್ಲುವುದನ್ನೋ ತಪ್ಪುವುದನ್ನೋ ಮಕ್ಕಳು ನೋಡುತ್ತಾರೆ. ಮಳೆಗಾಲದಲ್ಲಿ ಗದ್ದೆಗಿಳಿಯುವವರಿಗೆ ಬರುವ ಇಲಿ ಜ್ವರಕ್ಕೆ ಟೆಟ್ರಾಸೈಕ್ಲಿನ್ ಗುಂಪಿನ ಡಾಕ್ಸಿಸೈಕ್ಲಿನ್ ಕೊಡುತ್ತಾರೆ, ಅದನ್ನು ತರುವುದು ಬ್ಯಾಕ್ಟೀರಿಯಾ. ಸಿದ್ದಾಪುರದ ಕಡೆಯ ಮಕ್ಕಳು ಮಂಗನ ಕಾಯಿಲೆಯ ಬಗ್ಗೆ ಕೇಳಿಯೇ ಕೇಳುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ರೋಗ ವೈರಸ್‌ನಿಂದ ಬರುತ್ತದೆ; ವೈರಸ್‌ಗೆ ಸ್ವಂತ ರೈಬೋಸೋಮ್ ಇಲ್ಲ, ಅದು ನಮ್ಮ ಜೀವಕೋಶದ 80ಎಸ್ ರೈಬೋಸೋಮನ್ನೇ ಬಳಸಿಕೊಳ್ಳುತ್ತದೆ, ಆದ್ದರಿಂದ ಈ ನಾಲ್ಕು ಔಷಧಿಗಳಿಂದ ಆ ವೈರಸ್ ನಿಲ್ಲುವುದಿಲ್ಲ ಎಂದು ಬಿಲ್ಲೆಗಳನ್ನು ಮುಂದಿಟ್ಟುಕೊಂಡು ವಿವರಿಸಿದೆ. ಮನೆಯಲ್ಲಿ ಉಳಿದ ಮಾತ್ರೆ ನುಂಗುವ ಅಭ್ಯಾಸದ ಬಗ್ಗೆ ಅಂದು ನಡೆದ ಚರ್ಚೆ ಪಾಠಕ್ಕಿಂತ ದೊಡ್ಡದಾಯಿತು.

ಬಾಳಿಕೆಯ ವಿಷಯ. ಘಟ್ಟದ ಮೇಲಿನ ಮಳೆಯಲ್ಲಿ ಫೋಮಿನ ಅಂಚಿಗೆ ಬೂಸ್ಟು ಬರುತ್ತದೆ. ಬಿಸಿಲು ಬಂದಾಗ ಒರೆಸಿ ಒಣಗಿಸಿದರೆ ಹೋಗುತ್ತದೆ, ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಇನ್ನೂ ಒಳ್ಳೆಯದು. ಕುಮಟಾದ ಕಾಲೇಜೊಂದಕ್ಕೆ ವಿಜ್ಞಾನ ಪ್ರದರ್ಶನಕ್ಕೆಂದು ಎರವಲು ಕೊಟ್ಟಾಗ ಸಮುದ್ರದ ಗಾಳಿಗೆ ತಗಡಿನ ಮೂಲೆಗಳು ತುಕ್ಕು ಹಿಡಿದು ಬಂದವು. ಕಾರವಾರ, ಅಂಕೋಲಾ ಕಡೆಯವರು ಹಲಗೆಯ ಅಂಚಿಗೆ ಮೊದಲೇ ಪೇಂಟ್ ಹಚ್ಚಿಸಿಕೊಳ್ಳುವುದು ಒಳಿತು.

ಪೆಟ್ಟಿಗೆಯಲ್ಲಿ ರೈಬೋಸೋಮ್ ಒಂದೇ ಇದೆ. ಬ್ಯಾಕ್ಟೀರಿಯಾದಲ್ಲಿ ಎಂಆರ್‌ಎನ್‌ಎ ಇನ್ನೂ ಡಿಎನ್‌ಎಯಿಂದ ನಕಲಾಗುತ್ತಿರುವಾಗಲೇ ಹಲವು ರೈಬೋಸೋಮ್‌ಗಳು ಒಂದರ ಹಿಂದೆ ಒಂದು ಹತ್ತಿ ಓದುತ್ತಿರುತ್ತವೆ, ಅದನ್ನು ತೋರಿಸಲು ಕನಿಷ್ಠ ಮೂರು ಬೇಕು. ಬಿಡಿಯಾಗಿ ಕೊಡುತ್ತೀರಾ ಎಂದು ವಿಚಾರಿಸಿದಾಗ ವ್ಯಾಪಾರಿ ತಯಾರಕರನ್ನು ಕೇಳಿ ತರಿಸಿಕೊಟ್ಟರು, ಆ ಸೇವೆಗೆ ನಾನು ಕೃತಜ್ಞ. ಕೈಪಿಡಿಯ ತಪ್ಪನ್ನೂ ನಿಲುಗಡೆಯ ತುಂಡಿನ ತಪ್ಪನ್ನೂ ಬರೆದು ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಈಗ ಆರ್ಡರ್ ಮಾಡುವವರು 30ಎಸ್, 50ಎಸ್ ತುಂಡುಗಳ ಎರಡು ಜೊತೆಯನ್ನು ಹೆಚ್ಚಿಗೆ ಕೇಳಿ, ಬಿಡುಗಡೆ ಅಂಶದ ತುಂಡು ಸೇರಿದೆಯೇ ಎಂದು ಹಣ ಕೊಡುವ ಮೊದಲು ಪೆಟ್ಟಿಗೆ ತೆರೆಸಿ ನೋಡಿ.