ನರಸಾಪುರದ ಒಂದು ಕಾರ್ಖಾನೆ ಕ್ಯಾಂಟೀನ್: ಊಟಕ್ಕೆ 4 ಅಂಕ, ಸಮಿತಿಗೆ 2

ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶದ ಈ ಕ್ಯಾಂಟೀನ್‌ನಲ್ಲಿ ಮುದ್ದೆ, ಬಸ್ಸಾರು ಚೆನ್ನಾಗಿವೆ, ಅದೂ ಹಗಲು ಪಾಳಿಯವರಿಗೆ. ರಾತ್ರಿಯವರಿಗೆ ಸಿಗುವುದು ಸಂಜೆಯೇ ಕಟ್ಟಿಟ್ಟ ಮುದ್ದೆ; ಮೇಲ್ಪದರ ಒಣಗಿ ಬಿರುಕು ಬಿಟ್ಟಿರುತ್ತದೆ. ತಪ್ಪು ಅಡುಗೆಯವರದಲ್ಲ. ಕ್ಯಾಂಟೀನ್ ಸಮಿತಿಯಲ್ಲಿ ರಾತ್ರಿ ಪಾಳಿಯವರು ಒಬ್ಬರೂ ಇಲ್ಲ. ಕಾರ್ಮಿಕ ಪ್ರತಿನಿಧಿಗಳನ್ನು ಎಚ್‌ಆರ್‌ನವರೇ ಆರಿಸುತ್ತಾರೆ.

1947ರ ಕೈಗಾರಿಕಾ ವಿವಾದ ಕಾಯ್ದೆಯೇ 100 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಾರ್ಮಿಕರು, ಮಾಲೀಕರು ಇಬ್ಬರ ಕಡೆಯವರೂ ಕೂರುವ ಕಾರ್ಯ ಸಮಿತಿಗೆ ದಾರಿ ಮಾಡಿತ್ತು. ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಕಡೆಯವರಿಗಿಂತ ಕಡಿಮೆ ಇರಬಾರದು ಎಂದೂ ಹೇಳಿತ್ತು. ಕ್ಯಾಂಟೀನ್ ಸಮಿತಿಗೂ ತಲೆಲೆಕ್ಕ ಸರಿಯಾದರಷ್ಟೇ ಸಾಲದು. ಗುತ್ತಿಗೆಯವರನ್ನೂ ಸೇರಿಸಿ ಪಾಳಿವಾರು ಗುಪ್ತ ಮತದಾನ ನಡೆಯಲೇಬೇಕು. ಟೆಂಡರ್ ನವೀಕರಿಸುವ ಮೊದಲೇ ಖರ್ಚಿನ ಲೆಕ್ಕ ಸಮಿತಿಯ ಕೈಗೆ ಬರಬೇಕು, ಸಹಿ ಬಿದ್ದ ಮೇಲಲ್ಲ. ಸಭೆಯ ನಡಾವಳಿಯನ್ನು ಕೈತೊಳೆಯುವ ಜಾಗದ ಫಲಕಕ್ಕೇ ಅಂಟಿಸಲಿ, ಎಲ್ಲರೂ ಓದುತ್ತಾರೆ.